ಪಾಯಿಂಟ್ ಎಂಟು

ಶನಿವಾರ ಬೆಳಿಗ್ಗೆ ಎದ್ದಾಗ ಅನಸೂಯಾಳ ಮೊಣಕಾಲು ನೋಯುತ್ತಿರಲಿಲ್ಲ. ಹಾಸಿಗೆಯ ಅಂಚಿಗೆ ಕೂತು ಎಡಗಾಲನ್ನು ಮಡಚಿದಳು, ಚಾಚಿದಳು, ನೆಲಕ್ಕೆ ಊರಿ ಭಾರ ಬಿಟ್ಟು ನೋಡಿದಳು. ಒಂದು ಚಳಕೂ ಇಲ್ಲ. ಮೂರು ವರ್ಷದಿಂದ ಶನಿವಾರ ಬಂತೆಂದರೆ ಹೇಳಿ ಕಳಿಸಿದ ಹಾಗೆ ಬರುತ್ತಿದ್ದ ನೋವು, ಅದೂ ನಿಜವಾದ ನೋವೇ, ಮಾತ್ರೆ ನುಂಗುವಂಥದ್ದು, ಇವತ್ತು ಕೈಕೊಟ್ಟಿತ್ತು. ಅಡುಗೆಮನೆಯಲ್ಲಿ ಗುರುರಾಜರು ಫ್ಲಾಸ್ಕಿಗೆ ಚಹಾ ಸುರಿಯುತ್ತಿದ್ದರು. ಡಾಲಸ್ ವಿಮಾನ ನಿಲ್ದಾಣದ ಪಕ್ಕದ ಯೂಲೆಸ್ಸಿನ ಆ ಮನೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಇಳಿಯುತ್ತ ಹೋಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಿವಿ ಆ ಸದ್ದನ್ನು ಕೇಳುವುದನ್ನೇ ಬಿಟ್ಟಿತ್ತು. ಇವತ್ತು ಒಂದೊಂದೂ ಬೇರೆಬೇರೆಯಾಗಿ ಕೇಳಿಸಿತು.

"ಏನಂತದ ಮೊಣಕಾಲು?" ಎಂದು ಗುರುರಾಜರು ಅಲ್ಲಿಂದಲೇ ಕೂಗಿದರು.

ನೋಯುತ್ತದೆ ಎಂದು ಹೇಳಬಹುದಿತ್ತು. ಯಾರೂ ಮೊಣಕಾಲನ್ನು ತೆರೆದು ನೋಡುವುದಿಲ್ಲ. ಆದರೆ ಇಲ್ಲದ ನೋವನ್ನು ಇದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ತನಗೇ ಆಶ್ಚರ್ಯವಾಯಿತು, ಇಷ್ಟು ಸಣ್ಣ ಸುಳ್ಳಿಗೆ ಹೀಗೆ ಹಿಂಜರಿಯುವವಳು ನಾನೇ ಏನು ಎಂದು.

"ಇವತ್ತು ಅಡ್ಡಿ ಇಲ್ರೀ."

"ಹಂಗಾರ ನಡಿ ಮತ್ತ! ಇವತ್ತು ನನಗ ಟೊಪ್ಪಿಗಿ ಹಾಕ್ತಾರ. ಹಕ್ಕಿ ಕೆಲಸದ್ದು ಮುನ್ನೂರು ತಾಸು ಮುಗದಾವ ನಂದು. ಎಲ್ಲಾರೂ ಹೆಂಡರನ್ನ ಕರ್ಕೊಂಡು ಬರ್ತಾರ, ನಾ ಒಬ್ಬನ ಪರದೇಶಿ ಹಂಗ ನಿಂದರಬೇಕೇನು?" ಎಂದವರು ತಮ್ಮ ಮಾತಿಗೆ ತಾವೇ ನಕ್ಕರು. "ಈ ವಯಸ್ಸಿನ್ಯಾಗ ಟೊಪ್ಪಿಗಿ ಹಾಕಿಸ್ಕೊಳ್ಳಿಕ್ಕೆ ಖುಷಿಯಿಂದ ಹೊಂಟಾಂವ ನಾ ಒಬ್ಬನ ಇರಬೇಕು."

ಡಾಲಸ್ ನಗರದ ನೀರು ಸರಬರಾಜಿನ ಕಚೇರಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಮೇಲೆ ಗುರುರಾಜರು ಹಕ್ಕಿಗಳ ಹುಚ್ಚು ಹಿಡಿಸಿಕೊಂಡಿದ್ದರು. ಅದಕ್ಕೂ ಮೊದಲು ಧಾರವಾಡದಲ್ಲಾಗಲಿ ಇಲ್ಲಾಗಲಿ ಅವರು ಗುಬ್ಬಿ ಕಾಗೆ ಬಿಟ್ಟು ಮೂರನೆಯ ಹಕ್ಕಿಯನ್ನು ಗುರುತಿಸಿದ್ದು ಅವಳಿಗೆ ನೆನಪಿಲ್ಲ. ನಗರದ ದಕ್ಷಿಣಕ್ಕೆ, ಟ್ರಿನಿಟಿ ನದಿಯ ಏರಿಯ ಹಿಂದೆ, ಹಳೇ ಕಾರಿನ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುತ್ತಿದ್ದ ಕಾರ್ಖಾನೆಯೊಂದಿತ್ತು. ಅದು ಮುಚ್ಚಿ, ಬಹಳ ವರ್ಷ ಬೇಲಿಯೊಳಗೆ ಹಾಳು ಬಿದ್ದು, ಕಡೆಗೆ ಅದರ ಮೇಲೆ ಜೇಡಿಮಣ್ಣು ಹೊದಿಸಿ, ಹುಲ್ಲು ಬಿತ್ತಿ, ಎರಡು ಕೊಳ ತೋಡಿ, ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದರು. ಇರುವ ನೂರಿಪ್ಪತ್ತು ಎಕರೆಯಲ್ಲಿ ನೂರ ನಲವತ್ತು ಜಾತಿಯ ಹಕ್ಕಿಗಳು. ಪ್ರತಿ ಶನಿವಾರ ಸ್ವಯಂಸೇವಕರು ಹೋಗಿ ಲೆಕ್ಕ ಹಾಕುತ್ತಾರೆ, ಕಳೆ ಕೀಳುತ್ತಾರೆ, ಬಂದವರಿಗೆ ದಾರಿ ತೋರಿಸುತ್ತಾರೆ. ಊರಲ್ಲಿ ಇಷ್ಟು ಪಾರ್ಕುಗಳಿರುವಾಗ ಇವರಿಗೆ ಅದೇ ಯಾಕೆ ಬೇಕಾಗಿತ್ತು ಎಂದು ಮೊದಲ ಶನಿವಾರ ಅವಳು ಒಗ್ಗರಣೆ ಸೀಯುವವರೆಗೂ ಒಲೆಯ ಮುಂದೆ ನಿಂತಿದ್ದಳು. ಯಾಕೆ ಎಂದು ಕೇಳಿರಲಿಲ್ಲ. ಕೇಳಿದ್ದರೆ ಅವರು ನಿನಗ್ಯಾಕ ಬ್ಯಾಡ ಎಂದು ತಿರುಗಿ ಕೇಳುತ್ತಿದ್ದರು.

ಕಾರಿನಲ್ಲಿ ಅವರು ಮಾತಾಡುತ್ತಲೇ ಇದ್ದರು. ಮಾರ್ಚಿನ ಬಿಸಿಲು ಇನ್ನೂ ಹಿತವಾಗಿತ್ತು, ಹೈವೇಯ ಬದಿಗೆ ನೀಲಿ ಹೂ ಬಿಡತೊಡಗಿತ್ತು. ಅನಸೂಯಾ ಆ ಕಾರ್ಖಾನೆಯನ್ನು ಒಂದು ದಿನವೂ ಕಣ್ಣಿಂದ ನೋಡಿದವಳಲ್ಲ. ಅವಳಿಗೆ ಅದು ಗೊತ್ತಿದ್ದದ್ದು ಅಲ್ಲಿಯ ಕೆಲಸಗಾರರ ರಕ್ತವಿದ್ದ, ನೇರಳೆ ಮುಚ್ಚಳದ ಗಾಜಿನ ನಳಿಗೆಗಳಾಗಿ. ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಮೂವತ್ತು, ನಲವತ್ತು ನಳಿಗೆ, ಒಂದೊಂದರ ಮೇಲೂ ಒಂದೊಂದು ನಂಬರು. ಹೆಸರಿಲ್ಲ. ಕೈಯಲ್ಲಿ ಹಿಡಿದರೆ ತಣ್ಣಗಿರುತ್ತಿದ್ದವು. ಪಕ್ಕದ ಊರು ಇರ್ವಿಂಗಿನ ಆ ಸಣ್ಣ ಖಾಸಗಿ ಲ್ಯಾಬಿನಲ್ಲಿ, ರಕ್ತದ ಒಂದು ಹನಿಯನ್ನು ಸುಟ್ಟು ಅದರೊಳಗೆ ಸೀಸ ಎಷ್ಟಿದೆ ಎಂದು ಹೇಳುವ ಯಂತ್ರವೊಂದಿತ್ತು. ಆ ಯಂತ್ರದ ಮುಂದೆ ಅವಳನ್ನು ಕೂರಿಸಿದ್ದರು. ಕರ್ನಾಟಕ ಕಾಲೇಜಿನ ಕೆಮಿಸ್ಟ್ರಿ ಬಿ.ಎಸ್ಸಿ.ಗೆ ಅಮೆರಿಕದಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು. ಸೀಸದ ಅಂಕಿ ಐವತ್ತು ದಾಟಿದರೆ ಆ ಮನುಷ್ಯನನ್ನು ಕುಲುಮೆಯಿಂದ ತೆಗೆದು, ರಕ್ತ ಶುದ್ಧವಾಗುವವರೆಗೆ ಬೇರೆ ಕೆಲಸದಲ್ಲಿಡಬೇಕು ಎಂದು ಕಾನೂನು. ಸಾವಿರದ ಒಂಬೈನೂರ ಎಂಬತ್ತಾರರ ಫೆಬ್ರವರಿಯಲ್ಲಿ ಪೆಟ್ಟಿಗೆಯ ಅರ್ಧಕ್ಕರ್ಧ ಐವತ್ತು ದಾಟಿತು. ಮರುದಿನ ಮತ್ತೆ ಸುಟ್ಟಳು, ಅಷ್ಟೇ ಬಂತು. ಲ್ಯಾಬಿನ ಯಜಮಾನ ಹಾಲಿಸ್ ಒಳ್ಳೆಯ ಮನುಷ್ಯ, ಅವಳನ್ನು ಆನಾ ಎನ್ನುತ್ತಿದ್ದ, ನಿನ್ನ ಕೈ ಬಹಳ ಸ್ಥಿರ ಎಂದು ಹೊಗಳುತ್ತಿದ್ದ. ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ ಅವನು, "ಅಳತೆಗೆ ಇಟ್ಟುಕೊಂಡ ದ್ರಾವಣ ಹಳತಾಗಿದೆ ಆನಾ, ಎಲ್ಲ ಜಾಸ್ತಿ ತೋರಿಸ್ತಿದೆ. ಹೊಸದು ಬರುವವರೆಗೆ ಪಾಯಿಂಟ್ ಎಂಟರಿಂದ ಗುಣಿಸಿ ಬರಿ" ಎಂದ. ಗುಣಿಸಿದಳು. ಎಲ್ಲ ಐವತ್ತರ ಒಳಗೆ ಬಂದು ಕೂತವು.

"ನಿದ್ದಿ ಹತ್ತಿತೇನು?" ಎಂದರು ಗುರುರಾಜರು. "ಬಂತು ನೋಡು."

ಅವಳು ಕಣ್ಣು ಬಿಟ್ಟಳು. ಒಂದು ಕೆಟ್ಟ ಜಾಗವನ್ನು ನೋಡಲು ತಯಾರಾಗಿ ಬಂದಿದ್ದವಳಿಗೆ ಮುಂದೆ ಕಂಡದ್ದು ಬರೀ ಹುಲ್ಲು. ಸೊಂಟದೆತ್ತರದ ಹುಲ್ಲು ದಿಬ್ಬದ ಇಳಿಜಾರಿನ ತುಂಬ ಒಂದೇ ಸಮನೆ ಒಲೆದಾಡುತ್ತಿತ್ತು. ಕೆಳಗೆ ಕೊಳ. ಅದರ ಅಂಚಿನಲ್ಲಿ ಬೆಳ್ಳಕ್ಕಿಗಳು ಯಾರೋ ಒಗೆದು ಒಣಹಾಕಿದ ಬಟ್ಟೆಯ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿದ್ದವು. ಇಷ್ಟು ಚೆಂದವಿದೆಯಲ್ಲ ಎಂದು ಮನಸ್ಸು ಹಗುರಾಯಿತು, ಹಗುರಾದದ್ದಕ್ಕೆ ಆ ಕ್ಷಣವೇ ನಾಚಿಕೆಯಾಯಿತು. ಆಮೇಲೆ ಒಂದೊಂದಾಗಿ ಕಂಡವು. ಹುಲ್ಲಿನ ನಡುವೆ ಮೊಣಕಾಲೆತ್ತರದ ಕಬ್ಬಿಣದ ಕೊಳವೆಗಳು, ಒಂದೊಂದಕ್ಕೂ ಮುಚ್ಚಳ, ಮುಚ್ಚಳಕ್ಕೆ ಬೀಗ. ಮೂರು ತಿಂಗಳಿಗೊಮ್ಮೆ ಬಂದು ಕೆಳಗಿನ ನೀರನ್ನು ಪರೀಕ್ಷೆಗೆ ಒಯ್ಯುತ್ತಾರೆ ಎಂದರು ಗುರುರಾಜರು. ದಾರಿಯ ಮೊದಲಲ್ಲೇ ಒಂದು ಬೋರ್ಡು: ಕಾಲುದಾರಿ ಬಿಟ್ಟು ಹೋಗಬೇಡಿ, ನೆಲ ಅಗೆಯಬೇಡಿ. ಅವಳು ಚಪ್ಪಲಿಯನ್ನು ದಾರಿಯ ಸರಿಯಾಗಿ ನಡುವಿಗೆ ಇಟ್ಟು ನಡೆದಳು.

ಶೆಡ್ಡಿನ ಹತ್ತಿರ ಹದಿನೈದು ಇಪ್ಪತ್ತು ಜನ ಸೇರಿದ್ದರು. ಅವರಲ್ಲೊಬ್ಬ ಎತ್ತರದ ಕಪ್ಪು ಮನುಷ್ಯ, ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಗುರುರಾಜರನ್ನು ಕಂಡು "ರಾಜ್!" ಎಂದು ಎಡಗೈ ಚಾಚಿದ. ಪ್ರತಿ ಶನಿವಾರ ಊಟದ ಹೊತ್ತಿಗೆ ಅವಳು ಕೇಳುತ್ತಿದ್ದ ಹೆಸರು ಇದು, ವರ್ನನ್ ಸ್ಟೋಕ್ಸ್. ವರ್ನನ್ ಇವತ್ತು ಕಿಂಗ್‌ಫಿಷರ್ ತೋರಿಸಿದ, ವರ್ನನ್‌ಗೆ ನಿನ್ನ ಚಕ್ಕುಲಿ ಬಹಳ ಸೇರಿತು. ಚಕ್ಕುಲಿಯನ್ನು ಅವಳೇ ಡಬ್ಬಿ ತುಂಬಿ ಕಳಿಸಿದ್ದಳು. ಅವನು ಹಕ್ಕಿಯವನು ಎಂದಷ್ಟೇ ಗುರುರಾಜರು ಹೇಳಿದ್ದರು.

"ಕಡೆಗೂ ಬಂದಿರಿ, ಮ್ಯಾಮ್," ಎಂದ ಸ್ಟೋಕ್ಸ್. "ರಾಜ್‌ಗೆ ಹೆಂಡತಿಯೇ ಇಲ್ಲ, ಚಕ್ಕುಲಿ ಅಂಗಡಿಯದು ಅಂತ ನಾವೆಲ್ಲ ಮಾತಾಡಿಕೊಂಡಿದ್ದೆವು."

ಎಲ್ಲರೂ ನಕ್ಕರು. ಅವನ ಬಲಗೈ ಮಣಿಕಟ್ಟಿನಿಂದ ಕೆಳಗೆ ಸೋತು ಜೋತಿರುವುದನ್ನು ಅವಳು ಆಗಲೇ ನೋಡಿಯಾಗಿತ್ತು. ಪುಸ್ತಕದಲ್ಲಿ ಓದಿದ್ದಳು: ಬಹಳ ಕಾಲ ಸೀಸ ಮೈಯಲ್ಲಿದ್ದರೆ ಮಣಿಕಟ್ಟು ಬೀಳುತ್ತದೆ. ಹದಿನಾರು ವರ್ಷ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿದ್ದರೂ ಅಂಥದೊಂದು ಕೈಯನ್ನು ಎದುರಿಗೆ ನೋಡಿರಲಿಲ್ಲ. ಪಾರ್ಶ್ವವಾಯು ಇರಬಹುದು, ಅಪಘಾತ ಇರಬಹುದು ಎಂದುಕೊಂಡಳು. ಹುಟ್ಟಿನಿಂದಲೇ ಹಾಗೆ ಇರಬಹುದು. ಯಾವುದಾದರೂ ಆಗಲಿ ರಾಘವೇಂದ್ರಸ್ವಾಮಿ, ಅದೊಂದು ಬೇಡ ಎಂದು ಮನಸ್ಸು ಬೇಡಿಕೊಂಡಿತು. ಬೇಡಿಕೊಂಡದ್ದು ಆ ಮನುಷ್ಯನಿಗಾಗಿ ಅಲ್ಲ ಎಂಬುದೂ ಜೊತೆಯಲ್ಲೇ ತಿಳಿಯಿತು.

ಮೇಲ್ವಿಚಾರಕಿ ಹುಡುಗಿ ಗುರುರಾಜರ ಹೆಸರನ್ನು ತಡವರಿಸುತ್ತ ಓದಿ, ಅವರ ತಲೆಗೆ ಹಸಿರು ಟೋಪಿ ಇಟ್ಟಳು. ಚಪ್ಪಾಳೆ. "ಶ್ರೀಮತಿಯವರೂ ಬನ್ನಿ, ಬನ್ನಿ, ಫೋಟೋಗೆ." ಅನಸೂಯಾ ಸೆರಗು ಸರಿ ಮಾಡಿಕೊಂಡು ಗಂಡನ ಪಕ್ಕ ನಿಂತಳು. ಕ್ಯಾಮೆರಾದವನು ಇನ್ನೂ ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ ಹಿಂದೆ ಎಂದ. ಹಿಂದೆ ಸರಿದಾಗ ಹಿಮ್ಮಡಿಗೆ ಏನೋ ತಣ್ಣಗೆ ತಾಗಿತು. ತಿರುಗಿ ನೋಡಿದರೆ ಬೀಗ ಹಾಕಿದ ಕೊಳವೆ. "ನಗಬೇಕು," ಎಂದು ಕ್ಯಾಮೆರಾದವನು ತಾನೇ ನಕ್ಕು ತೋರಿಸಿಕೊಟ್ಟ. ನಕ್ಕಳು.

ಆಮೇಲೆ ಮೂವರೂ ಕೊಳದ ಹತ್ತಿರದ ಬೆಂಚಿನ ಮೇಲೆ ಕೂತು ಚಹಾ ಕುಡಿದರು. ಗುರುರಾಜರಿಗೆ ಟೋಪಿಯ ಹುರುಪು. "ನನ್ನದೇನು, ಬರೀ ಹಕ್ಕಿ ಎಣಿಸಿದ್ದು. ನನ್ನ ಹೆಂಡತಿ ಬದುಕೆಲ್ಲ ಲ್ಯಾಬೊರೇಟರಿಯಲ್ಲಿ ಕಳೆದವಳು, ವರ್ನನ್. ಅವಳು ಹೇಳುತ್ತಾಳೆ ಕೇಳು, ಅಂಕಿ ಸುಳ್ಳು ಹೇಳುವುದಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವಳು ಎಂದೂ ಹಾಗೆ ಹೇಳಿದವಳಲ್ಲ.

"ಹೌದಾ, ಮ್ಯಾಮ್? ಲ್ಯಾಬಿನಲ್ಲಾ?" ಎಂದ ಸ್ಟೋಕ್ಸ್, ಗೌರವದಿಂದ. "ಹನ್ನೆರಡು ವರ್ಷ ನಾನು ಇಲ್ಲಿ ಕುಲುಮೆಯ ಮುಂದೆ ನಿಂತಿದ್ದೆ. ಇಲ್ಲಿ ಅಂದರೆ," ಎಂದು ಕೊಳದ ಆಚೆ ಹುಲ್ಲು ತುಂಬಿದ ದಿಬ್ಬವನ್ನು ಎಡಗೈಯಿಂದ ತೋರಿಸಿದ, "ಸರಿಯಾಗಿ ಅಲ್ಲಿ. ಎರಡು ತಿಂಗಳಿಗೊಮ್ಮೆ ರಕ್ತ ತೆಗೆಯುತ್ತಿದ್ದರು, ಒಂದು ಚೀಟಿ ಬರುತ್ತಿತ್ತು."

ಅಷ್ಟರಲ್ಲಿ ಶೆಡ್ಡಿನಿಂದ ಯಾರೋ ರಾಜ್, ರಾಜ್ ಎಂದು ಕೂಗಿದರು. ಬಾತುಗಳ ಲೆಕ್ಕದ ಹಾಳೆ ಎಲ್ಲೂ ಕಾಣುತ್ತಿರಲಿಲ್ಲ. ಗುರುರಾಜರು ಟೋಪಿ ಒತ್ತಿಕೊಂಡು ಎದ್ದು ಹೋದರು. ಅವರು ಹೋಗಬಾರದಿತ್ತು ಎಂದು ಅನಸೂಯಾಳಿಗೆ ಅನಿಸಿತು. ಹೋದದ್ದೇ ಒಳ್ಳೆಯದಾಯಿತು ಎಂದೂ ಅನಿಸಿತು.

ಸ್ಟೋಕ್ಸ್ ಯಾರನ್ನೂ ದೂರದೆ, ಹವಾಮಾನ ಹೇಳುವವನ ಹಾಗೆ ಹೇಳಿದ. ಹೆಂಡತಿ ಡಾರತಿಗೆ ಆ ಕೆಲಸ ಕಂಡರೆ ಆಗುತ್ತಿರಲಿಲ್ಲ. ಸಂಜೆ ಅವನ ಬಟ್ಟೆಯನ್ನು ಹಿತ್ತಲಲ್ಲಿ ಕೊಡವಿದರೆ ಬೂದಿ ಬಣ್ಣದ ಪುಡಿ ಉದುರುತ್ತಿತ್ತು. ಬಿಟ್ಟುಬಿಡು, ಬೇರೆ ಏನಾದರೂ ನೋಡು ಎಂದು ದಿನಾ ಜಗಳ. ಅವನು ಚೀಟಿಯನ್ನು ಫ್ರಿಜ್ಜಿಗೆ ಅಂಟಿಸುತ್ತಿದ್ದ. ನೋಡು, ನಲವತ್ತನಾಲ್ಕು, ಲ್ಯಾಬೊರೇಟರಿ ಸರಿಯಿದೆ ಎನ್ನುತ್ತಿದೆ, ನಿನಗಿಂತ ಲ್ಯಾಬೊರೇಟರಿಗೆ ಹೆಚ್ಚು ಗೊತ್ತು. "ಮಗಳೊಬ್ಬಳಿದ್ದಾಳೆ ನಮಗೆ, ಕಾರ್ಲಾ. ಬರುವ ತಿಂಗಳು ಹದಿನೇಳು ತುಂಬುತ್ತದೆ. ಬಹಳ ಪ್ರೀತಿಯ ಹುಡುಗಿ. ಗಡಿಯಾರ ನೋಡಲು ಬರುವುದಿಲ್ಲ ಅವಳಿಗೆ. ಎಷ್ಟು ಸಲ ಹೇಳಿಕೊಟ್ಟಿದ್ದೇನೆ. ಏನು ಬೇಕಾದರೂ ಕಾರಣ ಇರಬಹುದು ಅಂತಾರೆ ಡಾಕ್ಟರು."

ಬೆಳ್ಳಕ್ಕಿಯೊಂದು ಕತ್ತು ಚಾಚಿ ನೀರನ್ನೇ ನೋಡುತ್ತಿತ್ತು. ಅನಸೂಯಾ ಅದನ್ನು ನೋಡುತ್ತಿದ್ದಳು. ಹೊಸ ದ್ರಾವಣ ಒಂದೇ ವಾರದಲ್ಲಿ ಬಂದಿತ್ತು. ಅವಳೇ ಸೀಲು ಒಡೆದು ಹಳೆಯದರ ಜೊತೆ ಹೋಲಿಸಿ ನೋಡಿದ್ದಳು. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಾಳೆ ಹಿಡಿದುಕೊಂಡು ಹಾಲಿಸನ ಬಾಗಿಲಿಗೆ ಹೋದಳು. ಅವನು ಫೋನಿನಲ್ಲಿ ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದ, ಒಂದು ಬೆರಳೆತ್ತಿ ತಾಳು ಎಂದ. ಅವಳು ತಾಳಿದಳು. ಎದುರು ಗೋಡೆಯ ಮೇಲೆ ಗಡಿಯಾರವಿತ್ತು, ನಾಲ್ಕು ನಿಮಿಷ. ಹೇಳಬೇಕಾದ ವಾಕ್ಯವನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಮೂರು ಸಲ ಕಟ್ಟಿದಳು, ಮೂರು ಸಲವೂ ಅದು ಆಪಾದನೆಯ ಹಾಗೆ ಕೇಳಿಸಿತು. ಇಂಗ್ಲಿಷಿನಲ್ಲಿ ಜಗಳವಾಡಲು ಅವಳಿಗೆ ಬರುತ್ತಿರಲಿಲ್ಲ. ಆಮೇಲೆ ಮಾತಾಡಿದರಾಯಿತು ಎಂದು ತಿರುಗಿ ಬಂದು ಕೂತಳು. ಮುಂದಿನ ಪೆಟ್ಟಿಗೆ ಬಂದಾಗ ಹಾಲಿಸ್ ಏನನ್ನೂ ಹೇಳಲಿಲ್ಲ. ಅವನು ಬಾಗಿಲ ಹತ್ತಿರವೂ ಬರಲಿಲ್ಲ. ಅವಳೇ ಪೆನ್ಸಿಲ್ ಎತ್ತಿಕೊಂಡು, ಅವಳೇ ಗುಣಿಸಿ, ಬರೆದಳು. ಆಮೇಲೆ ಇಪ್ಪತ್ತು ತಿಂಗಳು, ಕಾರ್ಖಾನೆ ಮುಚ್ಚುವವರೆಗೆ, ಯಾರೂ ಅವಳಿಗೆ ಹೇಳಿಕೊಡಬೇಕಾಗಿ ಬರಲಿಲ್ಲ. ಹಾಲಿಸ್ ಹೇಳಿದ ಮೊದಲ ಸಲವನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಎರಡನೆಯ ಸಲದ್ದು ಗಂಟಲಿನಿಂದ ಇಳಿದಿರಲಿಲ್ಲ. ಅದಕ್ಕೆ ಯಾರ ಹೆಸರೂ ಇರಲಿಲ್ಲ, ತನ್ನದೊಂದು ಬಿಟ್ಟು.

"ಮಿಸ್ಟರ್ ಸ್ಟೋಕ್ಸ್," ಎಂದಳು. "ಆ ಚೀಟಿಗಳನ್ನು ಬರೆದವಳು ನಾನು."

ಅವನಿಗೆ ಅರ್ಥವಾಗಲಿಲ್ಲ. ನಗುಮುಖದಲ್ಲೇ ತಿರುಗಿದ. ಅವಳು ಹೇಳಿದಳು. ಈಗ ಅವಳ ಇಂಗ್ಲಿಷ್ ಚೆನ್ನಾಗಿತ್ತು, ಎಲ್ಲೂ ತಡವರಿಸಲಿಲ್ಲ, ಅದೇ ಅವಳಿಗೆ ಅಸಹ್ಯವೆನಿಸಿತು. ಹಾಲಿಸನ ಮಾತನ್ನು ಹೇಳಿದಳು, ಹೊಸ ದ್ರಾವಣವನ್ನು ಹೇಳಿದಳು, ಆಮೇಲೆ ಯಾರೂ ಹೇಳದೆಯೂ ತಾನೇ ಗುಣಿಸಿದ್ದನ್ನು ಹೇಳಿದಳು. ನಾಲ್ಕು ನಿಮಿಷ ಬಾಗಿಲಲ್ಲಿ ನಿಂತದ್ದನ್ನು ಹೇಳಲು ಹೊರಟವಳು ಬಿಟ್ಟಳು. ಅದು ಕನಿಕರ ಕೇಳಿದಂತಾಗುತ್ತದೆ ಎನಿಸಿತು.

ಸ್ಟೋಕ್ಸ್ ಚಹಾದ ಲೋಟವನ್ನು ಬೆಂಚಿನ ಕೆಳಗೆ, ಹುಲ್ಲಿನ ಮೇಲೆ, ಉರುಳದಂತೆ ನೋಡಿ ಇಟ್ಟ.

"ಹಾಗಾದರೆ ನಲವತ್ತನಾಲ್ಕು ಅಂದರೆ ಎಷ್ಟು?"

"ಐವತ್ತೈದು."

"ಐವತ್ತೈದು," ಎಂದ ಅವನು. "ಅಂಗಳದ ಕೆಲಸಕ್ಕೆ ಹಾಕಿ ಅಂತ ಫೋರ್‌ಮನ್‌ಗೆ ಕೇಳಿದ್ದೆ ನಾನು. ಡಾರತಿ ಅಳುತ್ತಾಳೆ, ಸ್ವಲ್ಪ ದಿನ ಹೊರಗೆ ಹಾಕಿ ಅಂತ. ನಿನ್ನ ನಂಬರ್ ಚೆನ್ನಾಗಿದೆಯಲ್ಲ, ಯಾಕೆ ಅಂದ. ನನಗೂ ಸರಿ ಅನಿಸಿತು."

ತಾನು ತಪ್ಪಾಯಿತು ಎಂದು ಹೇಳಬೇಕು ಎಂದು ಅವಳಿಗೆ ಗೊತ್ತಿತ್ತು. ಸಾರಿ ಎಂಬ ಶಬ್ದ ಬಾಯಲ್ಲೇ ಇತ್ತು. ಅಂಗಡಿಯಲ್ಲಿ ಸಾಮಾನಿನ ಗಾಡಿಯನ್ನು ಯಾರಿಗಾದರೂ ತಾಗಿಸಿದರೆ ಹೇಳುವ ಶಬ್ದ. ಅವನೇ ಮಾತಾಡಿದ. "ಚೀಟಿಗಳೆಲ್ಲ ಮನೆಯಲ್ಲಿವೆ. ಡಾರತಿ ಏನನ್ನೂ ಬಿಸಾಡುವವಳಲ್ಲ. ಮುಂದಿನ ಶನಿವಾರ ತರುತ್ತೇನೆ. ನೀವು ಬರಬೇಕು." ಈ ಸಲ ಮ್ಯಾಮ್ ಎನ್ನಲಿಲ್ಲ. "ರಾಜ್‌ಗೆ ನಾನು ಹೇಳುವುದಿಲ್ಲ. ಅದು ನಿಮ್ಮ ಕೆಲಸ."

ಹೈವೇಗೆ ಏರುವ ಮುಂಚೆಯೇ ಹೇಳಿದಳು. ಗುರುರಾಜರು ಮೊದಲು ನಡುನಡುವೆ "ಹೂಂ" ಎನ್ನುತ್ತಿದ್ದರು, ಆಮೇಲೆ ಅದೂ ನಿಂತಿತು. ಒಂದು ಪೆಟ್ರೋಲ್ ಬಂಕಿಗೆ ಗಾಡಿ ತಿರುಗಿಸಿ, ಗಾಳಿ ತುಂಬಿಸುವ ಕಡೆ ನಿಲ್ಲಿಸಿ, ಇಂಜಿನ್ ಆರಿಸಿದರು.

"ಯಾರರೆ ಕೇಳಿದ್ರೇನು ನಿನಗ?"

"ಇಲ್ರೀ."

"ಅವನಿಗೆ ಸಂಶಯ ಬಂದಿತ್ತೇನು?"

"ಇಲ್ಲ."

"ಕಾರ್ಖಾನಿ ಇಲ್ಲ, ಲ್ಯಾಬ್ ಇಲ್ಲ, ಆ ಹಾಲಿಸ್ ಸತ್ತು ಮಣ್ಣಾದ. ಹಂಗಾರ ಯಾಕ ಹೇಳಿದಿ?"

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಯಾಕೆ ಮಾಡಿದಿ ಎಂದು ಕೇಳುತ್ತಾರೆ ಎಂದು ಹದಿನೆಂಟು ವರ್ಷ ಉತ್ತರ ಹುಡುಕಿ ಇಟ್ಟುಕೊಂಡಿದ್ದಳು, ನಡುರಾತ್ರಿ ಎದ್ದು ತಿದ್ದಿದ್ದಳು. ಈ ಮನುಷ್ಯನ ಪ್ರಾಮಾಣಿಕತನಕ್ಕೆ ಹೆದರಿಯೇ ಬಾಯಿ ಬಿಟ್ಟಿರಲಿಲ್ಲ. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಇಪ್ಪತ್ತು ಮೈಲಿ ತಿರುಗಿ ಹೋಗಿ ಕೊಟ್ಟುಬರುವವರು.

"ನನಗರೆ ಮೊದಲ ಹೇಳಬಾರದಿತ್ತೇನು, ಅನಸೂಯಾ?"

"ಹೇಳಿದ್ರ ಏನ್ ಮಾಡ್ತಿದ್ರಿ?"

ಗುರುರಾಜರು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಒಬ್ಬ ಹೆಂಗಸು ಮಗುವನ್ನು ಕಾರಿನ ಸೀಟಿಗೆ ಕಟ್ಟುತ್ತಿದ್ದಳು. "ಹೇಳಬ್ಯಾಡ ಅಂತಿದ್ದೆ," ಎಂದರು ಕಡೆಗೆ. ಹೇಳಿದ ಮೇಲೆ ಅವರ ಮುಖ ಒಮ್ಮೆಲೇ ಮುದಿಯಾಯಿತು. ತಲೆಯ ಮೇಲಿನ ಹಸಿರು ಟೋಪಿ ತೆಗೆದು ಹಿಂದಿನ ಸೀಟಿಗೆ ಹಾಕಿದರು. "ನಿಖಿಲ್‌ಗ ಹೇಳಬ್ಯಾಡ," ಎಂದರು. ಮಗ ಆಸ್ಟಿನ್ನಿನಲ್ಲಿದ್ದ, ಭಾನುವಾರ ಫೋನ್ ಮಾಡುತ್ತಿದ್ದ. ಅವಳಿಗೆ ಸಿಟ್ಟು ಬರಲಿಲ್ಲ. ಮೂವತ್ತಾರು ವರ್ಷ ಜೊತೆಗಿದ್ದು ಇವರೂ ತನ್ನ ಹಾಗೇ ಹೆದರುಪುಕ್ಕಲು ಎಂದು ಇವತ್ತು ಗೊತ್ತಾದದ್ದು ಸಮಾಧಾನವೋ ಇನ್ನೊಂದು ಅಪರಾಧವೋ ತಿಳಿಯದೆ ಕೂತಿದ್ದಳು. ಅವರ ಶನಿವಾರಗಳನ್ನೂ ತಾನು ಕಸಿದುಕೊಂಡಂತಾಯಿತು.

ವಾರವಿಡೀ ಮನೆಯಲ್ಲಿ ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡಿದರು, ಯಾರೋ ಪಕ್ಕದ ಕೋಣೆಯಲ್ಲಿ ಕಾಯಿಲೆ ಬಿದ್ದಿರುವ ಹಾಗೆ. ಫೋನ್ ಬಂದರೆ ಗುರುರಾಜರು ನಂಬರು ನೋಡಿ ಎತ್ತುತ್ತಿದ್ದರು. ಬುಧವಾರ ಅವಳು ಆಸ್ಪತ್ರೆಯಿಂದ ನಿವೃತ್ತಳಾಗುವಾಗ ಕೊಟ್ಟ ಫಲಕವನ್ನು, ನಿಖರತೆಗಾಗಿ ಎಂದು ಕೆತ್ತಿದ್ದನ್ನು, ಗೋಡೆಯಿಂದ ಇಳಿಸಲು ಹೋದಳು. ಇಳಿಸಿದರೆ ನಾಟಕವಾಗುತ್ತದೆ ಎನಿಸಿ ಬಿಟ್ಟಳು. ಅಲ್ಲಿಂದ ಆಚೆ ಅದರ ಮುಂದೆ ಹಾಯುವಾಗ ಕಣ್ಣು ಬೇರೆ ಕಡೆ ಹೊರಳುತ್ತಿತ್ತು. ಶುಕ್ರವಾರ ಊಟಕ್ಕೆ ಕೂತಾಗ ಗುರುರಾಜರು, "ನಾಳೆ ನಾ ಹೋಗೂದಿಲ್ಲ. ನೀನೂ ಹೋಗಬ್ಯಾಡ. ಅವಾ ವಕೀಲನ್ನ ಕರ್ಕೊಂಡು ಬಂದ್ರ ಏನ್ ಮಾಡ್ತಿ?" ಎಂದರು.

"ಬರ್ಲಿ ಬಿಡ್ರಿ."

"ಏನ್ ಬರ್ಲಿ? ಇದು ಹುಡುಗಾಟಕಿ ಅಲ್ಲ."

"ಹುಡುಗಾಟಕಿ ಅಲ್ಲಂತನ ಹೊಂಟೀನ್ರಿ," ಎಂದು ಅವಳು ಅವರ ತಟ್ಟೆಗೆ ಮಜ್ಜಿಗೆ ಬಡಿಸಿದಳು.

ಅವಳು ಕಾರು ಓಡಿಸುತ್ತಿದ್ದದ್ದು ತರಕಾರಿ ಅಂಗಡಿಗೆ ಮತ್ತು ಇರ್ವಿಂಗಿನ ಗುಡಿಗೆ. ಹೈವೇ ಎಂದರೆ ಕೈ ಬೆವರುತ್ತಿತ್ತು. ಶನಿವಾರ ಬೆಳಿಗ್ಗೆ ಸಿಗ್ನಲ್ ಇರುವ ರಸ್ತೆಗಳನ್ನೇ ಹಿಡಿದು ಹೊರಟಳು. ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಒಂದು ಕಡೆ ತಪ್ಪಿ, ಟಯರು ಅಂಗಡಿಯ ಮುಂದೆ ನಿಲ್ಲಿಸಿ ದಾರಿ ಕೇಳಿದಳು. ಅಲ್ಲಿಯ ಮುದುಕ, ಓ, ಹಳೇ ಸೀಸದ ಕಾರ್ಖಾನೆಯಾ ಎಂದು ತೋರಿಸಿದ. ಹಕ್ಕಿಗಳ ಜಾಗ ಎನ್ನಲಿಲ್ಲ. ಅದರ ಸುತ್ತಲಿನ ಬೀದಿಗಳನ್ನು ಅವಳು ಇವತ್ತೇ ನೋಡಿದ್ದು. ಸಣ್ಣ ಮರದ ಮನೆಗಳು, ಅಂಗಳದಲ್ಲಿ ಕುರ್ಚಿ, ಕುರ್ಚಿಯಲ್ಲಿ ಜನ, ಒಬ್ಬಾತ ಕಾರಿಗೆ ನೀರು ಹೊಡೆಯುತ್ತಿದ್ದ. ಪ್ರತಿ ಮನೆಯ ಮುಂದೆ ಹಾಯುವಾಗಲೂ ಒಂದೊಂದು ನೇರಳೆ ಮುಚ್ಚಳದ ನಳಿಗೆ ಕೈಗೆ ತಣ್ಣಗೆ ತಾಗಿದಂತಾಯಿತು. ಅಷ್ಟು ವರ್ಷ ಅವಳು ಒಬ್ಬ ಮನುಷ್ಯನ ಬಗ್ಗೆ, ಬಹಳವೆಂದರೆ ಹತ್ತು ಮಂದಿಯ ಬಗ್ಗೆ, ಮರುಗಿದ್ದಳು. ಬೀದಿಗಳ ಲೆಕ್ಕದಲ್ಲಿ ಯೋಚಿಸಿರಲಿಲ್ಲ.

ಬೆಂಚಿನ ಮೇಲೆ ವಕೀಲನಿರಲಿಲ್ಲ. ದಪ್ಪನೆಯ ಹೆಂಗಸೊಬ್ಬಳು ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಸ್ಟೋಕ್ಸ್ ಸ್ವಲ್ಪ ದೂರದಲ್ಲಿ ಕೊಳದ ಕಡೆ ಮುಖ ಮಾಡಿ ನಿಂತಿದ್ದ. ಅನಸೂಯಾಳನ್ನು ಕಂಡು ತಲೆಯಾಡಿಸಿದ, ಹತ್ತಿರ ಬರಲಿಲ್ಲ. ಡಾರತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೀರೆ, ಕುಂಕುಮ, ಬೂಟಿನಂಥ ಚಪ್ಪಲಿ.

"ಲ್ಯಾಬೊರೇಟರಿ ಅಂದರೆ ನೀನಾ?"

ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ. ಆದರೂ ಅನಸೂಯಾಳ ಕಿವಿಗೆ ಅದು ನೀನು ಎಂದೇ ಕೇಳಿಸಿತು, ಸರಿಯಾಗಿಯೇ ಕೇಳಿಸಿತು.

"ಹೌದು."

"ನಾನು ಗಂಡಸು ಅಂದುಕೊಂಡಿದ್ದೆ," ಎಂದಳು ಡಾರತಿ. "ಬಿಳೀ ಕೋಟು ಹಾಕಿಕೊಂಡ ಗಂಡಸು. ನಮ್ಮ ಅಡುಗೆಮನೆಯಲ್ಲಿ ನಿಂತು ಅವನ ಜೊತೆ ಎಷ್ಟು ಜಗಳ ಆಡಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಒಂದು ಸಲವೂ ಗೆಲ್ಲಲಿಲ್ಲ." ಡಬ್ಬಿಯ ಮುಚ್ಚಳ ತೆಗೆದು, ರಬ್ಬರ್ ಬ್ಯಾಂಡು ಸುತ್ತಿದ ಚೀಟಿಗಳ ಕಟ್ಟನ್ನು ಹೊರತೆಗೆದಳು. ಹಳದಿಯಾಗಿದ್ದವು, ಮೂಲೆಗಳಲ್ಲಿ ಅಂಟಿನ ಕಲೆ. ಕೆಳಗಿನ ಎರಡು ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು. "ಇದು?"

"ನನ್ನ ಹೆಸರು. ಅನಸೂಯಾ ಕಟ್ಟಿ."

"ಪೂರ್ತಿ ಇನ್ನೊಂದು ಸಲ ಹೇಳು."

ಹೇಳಿದಳು. ಡಾರತಿ ಅದನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿ ನೋಡಿದಳು, ತಪ್ಪಿಲ್ಲದೆ, ಹಾಲಿಸನಿಗೆ ಆರು ವರ್ಷದಲ್ಲಿ ಬಾರದ್ದನ್ನು. ಆಮೇಲೆ ಬೆಂಚಿನ ಒಂದು ಬದಿಗೆ ಸರಿದು ಜಾಗ ಮಾಡಿದಳು. ಕರುಣೆಯಿಂದ ಅಲ್ಲ, ಕೆಲಸ ಸಾಗಬೇಕಾದ್ದಕ್ಕೆ. ಕಟ್ಟನ್ನು ಅನಸೂಯಾಳ ಕೈಗಿಟ್ಟು, ಪರ್ಸಿನಿಂದ ಪೆನ್ನು, ಒಂದು ಗೀಟಿನ ಪುಸ್ತಕ ತೆಗೆದಳು. "ಮೊದಲಿನಿಂದ ಓದು. ಅಲ್ಲಿ ಬರೆದದ್ದನ್ನು ಓದು, ಆಮೇಲೆ ನಿಜವಾದದ್ದನ್ನು ಹೇಳು. ಗಟ್ಟಿಯಾಗಿ. ಅವನಿಗೂ ಕೇಳಬೇಕು."

ತನ್ನದೇ ಕೈಬರಹ. ಇಷ್ಟು ಅಚ್ಚುಕಟ್ಟಾಗಿತ್ತೇ ತನ್ನ ಅಕ್ಷರ?

"ಮಾರ್ಚ್ ಎಂಬತ್ತಾರು. ನಲವತ್ತನಾಲ್ಕು." ಚೀಟಿಯಿಂದ ತಲೆ ಎತ್ತಿದಳು. "ಐವತ್ತೈದು."

ಡಾರತಿ ಬರೆದುಕೊಂಡಳು.

"ಮೇ. ನಲವತ್ತಾರು. ಐವತ್ತೇಳೂವರೆ."

ಬರೆದುಕೊಂಡಳು. ಸ್ಟೋಕ್ಸ್ ತಿರುಗಲಿಲ್ಲ.

"ಜುಲೈ. ನಲವತ್ತೆಂಟು. ಅರವತ್ತು."

ಪೆನ್ನು ನಿಂತಿತು. ಡಾರತಿ ಪುಸ್ತಕವನ್ನೇ ನೋಡುತ್ತಿದ್ದಳು. "ಆ ಚೀಟಿ ನನಗೆ ನೆನಪಿದೆ," ಎಂದಳು. "ಬಸುರಿ ಅಂತ ಗೊತ್ತಾದ ವಾರ. ಸೂಟ್‌ಕೇಸು ತುಂಬಿ ಬಾಗಿಲಲ್ಲಿ ಇಟ್ಟಿದ್ದೆ. ನೀನು ಅದನ್ನು ಬಿಡು, ಇಲ್ಲದಿದ್ದರೆ ನಾನು ನಮ್ಮಮ್ಮನ ಮನೆಗೆ ಹೋಗುತ್ತೇನೆ ಅಂತ. ಅವನು ಇದನ್ನು ತೋರಿಸಿದ. ನಾನು ಸೂಟ್‌ಕೇಸು ಬಿಚ್ಚಿದೆ."

ಅನಸೂಯಾಳ ಕೈಯಲ್ಲಿ ಚೀಟಿ ಅಲುಗಲಿಲ್ಲ. ಸ್ಥಿರವಾದ ಕೈ ಅವಳದು. ಅವಳಿಗೆ ಅದನ್ನು ಕೆಳಗಿಡಬೇಕೆನಿಸಿತು, ಎದ್ದು ಹೋಗಬೇಕೆನಿಸಿತು, ಈ ಹೆಂಗಸಿನ ಕಾಲು ಹಿಡಿಯಬೇಕೆನಿಸಿತು. ಯಾವುದನ್ನು ಮಾಡಿದರೂ ಅದು ತನಗಾಗಿ ಮಾಡಿದಂತಾಗುತ್ತಿತ್ತು. ಕೂತಳು.

"ಅರವತ್ತು ಅಂದೆಯಾ?"

"ಅರವತ್ತು."

ಡಾರತಿ ಬರೆದಳು. ಬರೆದದ್ದರ ಕೆಳಗೆ ಒಂದು ಗೆರೆ ಎಳೆದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳುವಂಥದ್ದು ಇದ್ದರೂ. ಕಟ್ಟಿನಲ್ಲಿ ಇನ್ನೂ ಏಳು ಚೀಟಿಗಳಿದ್ದವು.

"ಮುಂದಿನದು," ಎಂದಳು.